ಕಾಳಿ ಅಳಿವೆಯಲ್ಲಿ ಪ್ಲಾಂಕ್ಟನ್ ಬಲೆ ಎಳೆದ ಎರಡು ವರ್ಷ

ಕಾರವಾರದಲ್ಲಿ ಕಾಳಿ ನದಿ ಅರಬ್ಬಿ ಸಮುದ್ರ ಸೇರುವ ಕಡೆ ನಾನು ಎರಡು ವರ್ಷ ಪ್ಲಾಂಕ್ಟನ್ ಹಿಡಿದೆ. ಮೂರು ಜಾಗ ಗೊತ್ತು ಮಾಡಿಕೊಂಡಿದ್ದೆ. ಸದಾಶಿವಗಡದ ಸೇತುವೆ ಹತ್ತಿರ ಒಂದು, ಅಳಿವೆ ಬಾಯಲ್ಲಿ ಒಂದು, ಕೂರ್ಮಗಡ ದ್ವೀಪದ ದಿಕ್ಕಿನಲ್ಲಿ ಇನ್ನೊಂದು. ಪ್ಲಾಂಕ್ಟನ್ ಅಂದರೆ ನೀರಿನ ಜೊತೆ ತೇಲುವ ಜೀವಿಗಳು. ಅವುಗಳಲ್ಲಿ ಎಲ್ಲಿ ಯಾವುದಿದೆ, ಎಷ್ಟಿದೆ ಅಂತ ನೋಡುವುದು ಕೆಲಸ.

ಶುರು ಮಾಡಿದ್ದು ಅಕ್ಟೋಬರ್‌ನಲ್ಲಿ. ಮೊದಲ ತಿಂಗಳೇ ಲೆಕ್ಕ ತಾಳೆಯಾಗಲಿಲ್ಲ. ಅದೇ ಅಳಿವೆ ಬಾಯಿ, ಕೆಲವೇ ದಿನದ ಅಂತರ. ಒಂದು ಬಾಟಲಿ ತುಂಬ ಸಮುದ್ರದ ಡಯಾಟಮ್‌ಗಳು, ಅಂದರೆ ಗಾಜಿನಂಥ ಚಿಪ್ಪಿನ ಒಂದೇ ಕೋಶದ ಪಾಚಿಗಳು. ಇನ್ನೊಂದರಲ್ಲಿ ಕೆಸರು, ಎಲೆಚೂರು, ಉಪ್ಪು ಕಡಿಮೆಯಿದ್ದರೂ ಬದುಕುವ ಅಕಾರ್ಷಿಯಾ ಎಂಬ ಕೋಪೆಪಾಡ್ (ಸೀಗಡಿಯ ದೂರದ ನೆಂಟನಾದ ಪುಟ್ಟ ಪ್ರಾಣಿ). ಬಲೆಯಲ್ಲೇ ತಪ್ಪಿದೆ ಅಂದುಕೊಂಡೆ. ಮುಂದಿನ ಸಲ ಬಲೆ ಬಿಡಲು ಹೊರಟಾಗ ದೋಣಿಯಣ್ಣ ತಡೆದರು: "ತಂಗೀ, ನೀರು ಇಳೀತಾ ಇದೆ. ಈಗ ಹಾಕಿದ್ರೆ ನಿಂಗೆ ಹೊಳೆ ನೀರೇ ಸಿಗೋದು." ಅಷ್ಟೇ ವಿಷಯ. ನಾನು ಜಾಗ ಒಂದೇ ಅಂದುಕೊಂಡಿದ್ದೆ, ನೀರು ಬೇರೆಯಾಗಿತ್ತು. ಅವತ್ತಿನಿಂದ ಭರತ-ಇಳಿತ ನೋಡಿಕೊಂಡೇ ಹೊರಟೆ, ಪ್ರತಿ ಸಲ ಉಪ್ಪಿನಂಶ ಅಳೆದೇ ಬಲೆ ಬಿಟ್ಟೆ.

ಬಲೆಯ ಬಾಯಿ 50 ಸೆಂ.ಮೀ. ಅಗಲ. ಪ್ರಾಣಿ ಪ್ಲಾಂಕ್ಟನ್‌ಗೆ 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕಣ್ಣಿನದು, ಸಸ್ಯ ಪ್ಲಾಂಕ್ಟನ್‌ಗೆ 20 ಮೈಕ್ರಾನ್‌ನದು. 100 ಮೀಟರ್ ಎಳೆದರೆ ಲೆಕ್ಕದ ಪ್ರಕಾರ ಸುಮಾರು 19.6 ಘನ ಮೀಟರ್ ನೀರು ಸೋಸಬೇಕು. ಆದರೆ ಬಲೆಯ ಕಣ್ಣು ಕಟ್ಟಿಕೊಂಡರೆ ನೀರು ಒಳಗೆ ಹೋಗುವುದೇ ಇಲ್ಲ, ಪಕ್ಕಕ್ಕೆ ಸರಿದು ಹೋಗುತ್ತದೆ. ಮಾರ್ಚ್‌ನ ಒಂದು ಬೆಳಗ್ಗೆ ಸಮುದ್ರದ ಮೇಲೆ ಮರದ ಹುಡಿ ಚೆಲ್ಲಿದ ಹಾಗೆ ಕಂದು ಪಟ್ಟೆಗಳು. ಅದು ಟ್ರೈಕೋಡೆಸ್ಮಿಯಮ್, ನೀಲಿ-ಹಸಿರು ಪಾಚಿ ಅನ್ನುವ ಗುಂಪಿನದು. ಗಾಳಿ ಕಡಿಮೆಯಾಗಿ ನೀರು ಕಾದಾಗ, ಫೆಬ್ರವರಿಯಿಂದ ಮೇವರೆಗೆ, ನಮ್ಮ ಕರಾವಳಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸಣ್ಣ ಕಣ್ಣಿನ ಬಲೆ ಎರಡೇ ನಿಮಿಷಕ್ಕೆ ಕಟ್ಟಿತು. ಒಳಗೆ ಹೋದ ನೀರನ್ನು ಅಳೆಯುವ ಫ್ಲೋಮೀಟರನ್ನು ಬಾಯಿಗೆ ಕಟ್ಟಿರಲಿಲ್ಲ. ಆ ದಿನದ ಲೆಕ್ಕವನ್ನು ಪೂರ್ತಿ ಬಿಡಬೇಕಾಯಿತು, ತುಂಬ ಬೇಜಾರಾಯಿತು. ದೋಣಿ ಹೋದ ದೂರವನ್ನು ನಂಬಬೇಡಿ, ಮೀಟರ್ ಓದಿ.

ಇನ್ನೊಂದು ಮಾತು. 20 ಮೈಕ್ರಾನ್ ಬಲೆಯಿಂದಲೂ ತೀರಾ ಸಣ್ಣವು ನುಸುಳಿ ಹೋಗುತ್ತವೆ. ಬರೀ ಬಲೆ ನಂಬಿದರೆ ಸಮುದ್ರದಲ್ಲಿ ದೊಡ್ಡ ಡಯಾಟಮ್‌ಗಳೇ ಇವೆ ಅನಿಸುತ್ತದೆ. ಹಾಗಾಗಿ ಒಂದು ಲೀಟರ್ ನೀರನ್ನು ಬೇರೆಯಾಗಿ ತೆಗೆದು, ಜೀವಿಗಳು ಕೆಡದಂತೆ ಲ್ಯೂಗೋಲ್ ಅಯೋಡಿನ್ ಹಾಕಿ, ಎರಡು ದಿನ ಅಲುಗಾಡಿಸದೆ ಇಟ್ಟು, ತಳದಲ್ಲಿ ಕೂತದ್ದನ್ನು ಎಣಿಸುತ್ತಿದ್ದೆ. ಪ್ರಾಣಿ ಪ್ಲಾಂಕ್ಟನ್‌ಗೆ ಫಾರ್ಮಲಿನ್, ಅದಕ್ಕೆ ಬೋರಾಕ್ಸ್ ಬೆರೆಸಲೇಬೇಕು. ಇಲ್ಲದಿದ್ದರೆ ಹುಳಿ ಅಂಶ ಸಣ್ಣ ಚಿಪ್ಪುಗಳನ್ನು ಕರಗಿಸಿಬಿಡುತ್ತದೆ. ಬಾಟಲಿ ಮೇಲೆ ಪೆನ್ನಿನಲ್ಲಿ ಬರೆದದ್ದು ಅಳಿಸಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಬರೆದ ದಪ್ಪ ಕಾಗದದ ಚೂರನ್ನು ಬಾಟಲಿ ಒಳಗೇ ಹಾಕಿ. ಅದರಲ್ಲಿ ಜಾಗ, ಹೊತ್ತು, ಭರತವೋ ಇಳಿತವೋ, ಮೀಟರ್ ಅಂಕಿ ಇರಲಿ.

ಎಣಿಸುವುದು ಸೆಡ್ಜ್‌ವಿಕ್ ರಾಫ್ಟರ್ ಗಾಜಿನಲ್ಲಿ. ಒಂದು ಮಿಲಿಲೀಟರ್ ನೀರು, ಸಾವಿರ ಚೌಕ. ಕಣ್ಣು ನೋಯುತ್ತದೆ, ನಿಜ. ಆದರೆ ಕಾಸಿನೋಡಿಸ್ಕಸ್ ಎಂಬ ಡಯಾಟಮ್‌ನ ದುಂಡು ಡಬ್ಬಿ, ಅದರ ಮೇಲೆ ಜೇನುಗೂಡಿನಂಥ ಕೆತ್ತನೆ ಮೊದಲ ಸಲ ಕಂಡಾಗ ಎಣಿಸುವುದನ್ನೇ ಬಿಟ್ಟು ನೋಡುತ್ತಾ ಕೂತಿದ್ದೆ. ಒಮ್ಮೆ ಗಾಜಿನ ಕಡ್ಡಿಯಂಥ ಸಜಿಟ್ಟಾ ಎಂಬ ಬಾಣಹುಳುವಿನ ಹೊಟ್ಟೆಯಲ್ಲಿ ಇಡೀ ಕೋಪೆಪಾಡ್ ಕಂಡಿತು, ಕಾಲುಗಳ ಸಮೇತ.

ಮಳೆಗಾಲ ಕಳೆಯುವ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ಹೊರಗಿನ ಜಾಗದ ಬಾಟಲಿ ಗಂಜಿಯಷ್ಟು ಮಂದ. ನೈಋತ್ಯ ಮಾನ್ಸೂನ್ ಸಮಯದಲ್ಲಿ ಆಳದ ತಣ್ಣನೆ ನೀರು ಮೇಲೇಳುತ್ತದೆ, ಜೊತೆಗೆ ಪೋಷಕಾಂಶವನ್ನೂ ತರುತ್ತದೆ. ಡಯಾಟಮ್‌ಗಳಿಗೆ ಅದು ಹಬ್ಬ. ಆದರೆ ಜಾತಿಗಳ ವೈವಿಧ್ಯ ಅಳೆಯುವ ಶ್ಯಾನನ್ ಸೂಚ್ಯಂಕ ಹಾಕಿದರೆ ವೈವಿಧ್ಯ ಕಡಿಮೆ! ಒಂದೆರಡು ಜಾತಿಯೇ ಬಾಟಲಿ ತುಂಬಿದ್ದರಿಂದ ಹಾಗೆ. ಸೂಚ್ಯಂಕ ಇಳಿಯಿತು ಅಂದ ತಕ್ಷಣ ಸಮುದ್ರ ಕೆಟ್ಟಿತು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಬೂತಾಯಿ ಮೀನು ತಿನ್ನುವುದು ಇಂಥ ಡಯಾಟಮ್‌ಗಳನ್ನೇ. ಅದರಲ್ಲೂ ಫ್ರಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಜಾಸ್ತಿಯಾದಾಗ ಬೂತಾಯಿಯೂ ಜಾಸ್ತಿ ಅಂತ ಹಿಂದಿನ ಸಂಶೋಧಕರು ಗುರುತಿಸಿದ್ದಾರೆ. ಸಂಖ್ಯೆ, ವೈವಿಧ್ಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಲ್ವಾ?

ನನಗೆ ಇವತ್ತಿಗೂ ಕೊರೆಯುವುದು ಜೂನ್, ಜುಲೈ. ಆಳದ ನೀರು ಏಳುವ ಕಾಲವೇ ಅದು. ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವ 61 ದಿನವೂ ಅವೇ. ನಮ್ಮ ಸಣ್ಣ ದೋಣಿ ಆ ಅಲೆಗಳಲ್ಲಿ ಅಳಿವೆ ದಾಟುವ ಹಾಗಿರಲಿಲ್ಲ. ಸೇತುವೆ ಹತ್ತಿರದ ಮಾದರಿ ಮಾತ್ರ ತೆಗೆದೆ. ಹೊರಗಿನ ಜಾಗಕ್ಕೆ ಮೇ ಮತ್ತು ಆಗಸ್ಟ್‌ನ ಸರಾಸರಿ ಹಾಕಿ ತುಂಬಬಹುದು ಅಂತ ಒಬ್ಬರು ಹೇಳಿದರು. ನಾನು ತುಂಬಲಿಲ್ಲ. ಎರಡೂ ವರ್ಷದ ಕೋಷ್ಟಕದಲ್ಲಿ ಹೊರಗಿನ ಜಾಗದ ಆ ನಾಲ್ಕು ಮನೆ ಖಾಲಿಯೇ ಇವೆ.