14 ಕೆಲಸದ ಪಟ್ಟಿಯನ್ನು 3ಕ್ಕೆ ಇಳಿಸಿದ್ದು

ರಾತ್ರಿ ಮೂರು ಗಂಟೆಗೆ ತಟ್ಟನೆ ಎಚ್ಚರ ಆಗುತ್ತಿತ್ತು. ಎಚ್ಚರವಾದಾಗ ಹಲ್ಲು ಕಚ್ಚಿ ಹಿಡಿದಿರುತ್ತಿದ್ದೆ. ವರದಿ ಮುಗಿದಿಲ್ಲ, ಮೇಲ್‌ಗೆ ಉತ್ತರ ಕೊಟ್ಟಿಲ್ಲ, ವಾಕಿಂಗ್ ಹೋಗಿಲ್ಲ, ಸೇರಿಕೊಂಡ ಕೋರ್ಸ್ ತೆರೆದೇ ನೋಡಿಲ್ಲ. ತಲೆಯಲ್ಲಿ ಇದೇ ಸುತ್ತುತ್ತಿತ್ತು. ಸುಮಾರು ಎರಡು ವರ್ಷ ಹೀಗೇ ಕಳೆಯಿತು. ಕೆಲಸ ಜಾಸ್ತಿ, ಅದಕ್ಕೇ ಒತ್ತಡ ಅಂತ ನಂಬಿಕೊಂಡಿದ್ದೆ. ಕೆಲಸ ಜಾಸ್ತಿ ಇದ್ದದ್ದೂ ನಿಜವೇ. ಆದರೆ ದಿನಾ ಸೋತವನ ಹಾಗೆ ಮಲಗುತ್ತಿದ್ದೆನಲ್ಲ, ಆ ಸೋಲನ್ನು ಬೆಳಿಗ್ಗೆ ನಾನೇ ಪಟ್ಟಿಯಲ್ಲಿ ಬರೆದಿಡುತ್ತಿದ್ದೆ.

ಇದು ತಿಳಿದದ್ದು ಒಂದು ನೋಟ್‌ಬುಕ್‌ನಿಂದ. ಹಾಳೆಯ ಮಧ್ಯೆ ಗೆರೆ ಎಳೆದೆ. ಎಡಕ್ಕೆ ‘ಅಂದಾಜು’, ಬಲಕ್ಕೆ ‘ಆದದ್ದು’. ಎರಡು ವಾರ ಬೇರೇನನ್ನೂ ಬದಲಾಯಿಸಲಿಲ್ಲ, ಸುಮ್ನೆ ಬರೆದುಕೊಂಡು ಹೋದೆ. ಮೊದಲ ದಿನದ ಹಾಳೆ ಈಗಲೂ ಇದೆ. ಮೇಲ್‌ಗಳಿಗೆ ಉತ್ತರ: ಅಂದಾಜು 30 ನಿಮಿಷ, ಆದದ್ದು 70. ವರದಿಯ ಮೊದಲ ಭಾಗ: ಅಂದಾಜು ಒಂದು ಗಂಟೆ, ಆದದ್ದು ಎರಡೂವರೆ. ನಡುವೆ ಬಂದ ಫೋನ್‌ಗಳು, ಹುಡುಕಾಡಿದ ಫೈಲು, ಪಕ್ಕದವರಿಗೆ ಮಾಡಿಕೊಟ್ಟ ಸಣ್ಣ ಸಹಾಯ ಇವಕ್ಕೆ ಎಡಗಡೆ ಜಾಗವೇ ಇರಲಿಲ್ಲ. ಬರೆದದ್ದು 14 ಕೆಲಸ, ಆದದ್ದು 5.

ಆಮೇಲೆ ಕೂಡಿಸಿ ನೋಡಿದೆ. ನನ್ನದೇ ಅಂದಾಜಿನಲ್ಲಿ ಆ 14 ಕೆಲಸಕ್ಕೆ 11 ಗಂಟೆ ಬೇಕಿತ್ತು. ಮೀಟಿಂಗ್‌ಗಳೆಲ್ಲ ಕಳೆದರೆ ನನ್ನ ಕೈಗೆ ಉಳಿಯುತ್ತಿದ್ದದ್ದು ನಾಲ್ಕು ಗಂಟೆ. ಯಾರು ಮಾಡಿದರೂ ಮುಗಿಯದ ಪಟ್ಟಿ ಅದು. ಅದು ಮುಗಿಯಲಿಲ್ಲ ಅಂತ ದಿನಾ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಹೀಗಾಗುವುದು ನನಗೊಬ್ಬನಿಗೇ ಅಲ್ಲ ಅಂತ ಓದಿದಾಗ ನಿಜಕ್ಕೂ ಎದೆ ಹಗುರಾಯಿತು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಈ ತಪ್ಪು ಲೆಕ್ಕಕ್ಕೆ ಒಂದು ಹೆಸರಿಟ್ಟಿದ್ದರು: ಪ್ಲಾನಿಂಗ್ ಫ್ಯಾಲಸಿ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಮ್ಮ ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತದೆ ಅಂತ ವಿದ್ಯಾರ್ಥಿಗಳನ್ನು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ, ಹಿಡಿದದ್ದು ಸುಮಾರು 55. ನಾವು ಲೆಕ್ಕ ಹಾಕುವಾಗ ಎಲ್ಲವೂ ಸರಿಯಾಗಿ ನಡೆಯುವ ದಿನವನ್ನೇ ಕಣ್ಮುಂದೆ ಇಟ್ಟುಕೊಳ್ಳುತ್ತೇವೆ. ಹೋದ ಸಲ ಎಷ್ಟು ಹೊತ್ತು ಹಿಡಿಯಿತು ಅಂತ ತಿರುಗಿ ನೋಡುವುದಿಲ್ಲ.

ಹಾಗಾಗಿ ನಾನು ಬಲಗಡೆಯ ಅಂಕಿಯನ್ನೇ ನಂಬಲು ಶುರುಮಾಡಿದೆ. ನನ್ನ ಅಂದಾಜಿನ ದುಪ್ಪಟ್ಟು ಹಿಡಿಯುತ್ತದೆ ಅಂತಲೇ ಲೆಕ್ಕ. ದಿನಕ್ಕೆ ಮೂರೇ ಕೆಲಸ. ಅದರಲ್ಲಿ ಒಂದು ಮಾತ್ರ ದೊಡ್ಡದು. ಮಿಕ್ಕಿದ್ದು ಹಿಂದಿನ ಹಾಳೆಯಲ್ಲಿ ಕಾಯುತ್ತದೆ. ಮೊದಲ ವಾರ ತುಂಬಾ ಕಷ್ಟವಾಯಿತು, ಸೋಮಾರಿತನ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೆ ಗುರುವಾರ ಸಂಜೆ ಮೂರಕ್ಕೂ ಟಿಕ್ ಹಾಕಿ ಪೆನ್ನು ಮುಚ್ಚಿದೆ ನೋಡಿ, ಆ ಸಮಾಧಾನ ಸಿಕ್ಕಿ ಎಷ್ಟು ಕಾಲವಾಗಿತ್ತೋ!

ವಾಕಿಂಗ್ ಗುರಿಯನ್ನೂ ಹೀಗೇ ಇಳಿಸಿದೆ. ದಿನಾ ಒಂದು ಗಂಟೆ ಅಂತ ಇದ್ದದ್ದು ಕೆಲಸ ಮುಗಿದ ತಕ್ಷಣ 15 ನಿಮಿಷ ಅಂತ ಆಯಿತು. ಹುಷಾರಿಲ್ಲದ ದಿನ ಬಾಗಿಲಿಂದ ಬೀದಿ ತುದಿವರೆಗೆ ಹೋಗಿಬಂದರೂ ಸಾಕು. 2010ರ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು. ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗುತ್ತಿರಲಿಲ್ಲ. ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ. ಮೊದಲೆಲ್ಲ ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಅಂತ ಬಿಟ್ಟೇಬಿಡುತ್ತಿದ್ದೆ.

ಇದೆಲ್ಲ ನನ್ನೊಳಗಿನ ಮಾತಾಯಿತು. ಬೇರೆಯವರು ಕೊಡುವ ಗುರಿಗೆ ಏನು ಮಾಡುವುದು? ಒಂದು ಸಲ ಒಂದೇ ಶುಕ್ರವಾರಕ್ಕೆ ಎರಡು ದೊಡ್ಡ ಕೆಲಸ ಬಂತು. ಹಳೇ ನಾನಾಗಿದ್ದರೆ ಆಯ್ತು ಅಂದು ನಿದ್ದೆಗೆಡುತ್ತಿದ್ದೆ. ಈ ಸಲ ನೋಟ್‌ಬುಕ್ ಹಿಡಿದುಕೊಂಡೇ ಮ್ಯಾನೇಜರ್ ಹತ್ತಿರ ಹೋದೆ. “ಮೇಡಂ, ಹಿಂದಿನ ಮೂರು ಸಲವೂ ಇಂಥ ಕೆಲಸಕ್ಕೆ ನಾಲ್ಕು ದಿನ ಹಿಡಿದಿದೆ. ಶುಕ್ರವಾರಕ್ಕೆ ಒಂದು ಚೆನ್ನಾಗಿ ಮಾಡಿಕೊಡ್ತೀನಿ. ಯಾವುದು ಮೊದಲು ಬೇಕು?” ಅಂದೆ. ಕೈ ಬೆವರಿತ್ತು. ಅವರು ಹಾಳೆ ನೋಡಿ, “ಎರಡನೇದು ಬುಧವಾರ ಕೊಡಿ, ಪರವಾಗಿಲ್ಲ” ಅಂದರು. ಎಲ್ಲ ಕಡೆ ಹೀಗೆ ಒಪ್ಪುತ್ತಾರೆ ಅಂತ ಹೇಳಲಾರೆ. ಆದರೆ ‘ಆಗಲ್ಲ’ ಅನ್ನುವುದಕ್ಕಿಂತ ಅಂಕಿ ತೋರಿಸಿ ಕೇಳುವುದು ಸುಲಭ ಅಲ್ವಾ?

ನಿದ್ದೆಯೇ ಬಾರದೆ ವಾರಗಟ್ಟಲೆ ಕಳೆದರೆ, ಏನೂ ಬೇಡ ಅನ್ನಿಸತೊಡಗಿದರೆ, ನೋಟ್‌ಬುಕ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ನಾನೂ ಒಮ್ಮೆ ಹೋಗಿದ್ದೆ, ಇನ್ನೂ ಮೊದಲೇ ಹೋಗಬೇಕಿತ್ತು.

ಮಲಗುವ ಮುಂಚೆ ಈಗ ಒಂದೇ ಕೆಲಸ. ಮುಗಿಯದೆ ಉಳಿದದ್ದರ ಪಕ್ಕ ಯಾವಾಗ, ಎಲ್ಲಿ ಅಂತ ಬರೆಯುತ್ತೇನೆ: ‘ವರದಿಯ ಎರಡನೇ ಭಾಗ, ಮಂಗಳವಾರ ಹತ್ತು ಗಂಟೆ, ಕಿಟಕಿ ಪಕ್ಕದ ಮೇಜು.’ ಬರೆದ ಮೇಲೆ ಆ ಕೆಲಸ ತಲೆಯಲ್ಲಿ ಕೊರೆಯುವುದು ಕಡಿಮೆಯಾಗುತ್ತದೆ. ಮೂರು ಗಂಟೆಗೆ ಈಗಲೂ ಒಮ್ಮೊಮ್ಮೆ ಎಚ್ಚರ ಆಗುತ್ತದೆ. ಮಂಗಳವಾರ ಹತ್ತು ಗಂಟೆ ಅಂದುಕೊಂಡು ಮಗ್ಗುಲು ಬದಲಿಸುತ್ತೇನೆ.