ಗೇರು ಬೇಗ ಫಸಲಿಗೆ ಬರಲು ನಾನು ಮಾಡಿದ್ದು

ಪುತ್ತೂರು ಕಡೆಯ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯಲ್ಲಿ ಬೀಜದಿಂದ ಹುಟ್ಟಿದ ಹಳೆಯ ಗೇರು ಮರಗಳಿದ್ದವು. ಆರೈಕೆ ಏನೂ ಇರಲಿಲ್ಲ, ಬಿದ್ದಷ್ಟು ಹೆಕ್ಕುತ್ತಿದ್ದೆವು. ಅವನ್ನು ತೆಗೆದು ಎರಡು ಎಕರೆಗೆ ಕಸಿ ಗಿಡ ಹಾಕಿದೆ. ಮೂರನೇ ವರ್ಷಕ್ಕೆ ಮಾರುವಷ್ಟು ಬೀಜ ಕೈಗೆ ಬರಬೇಕು ಅನ್ನುವುದು ನನ್ನ ಲೆಕ್ಕವಾಗಿತ್ತು.

ಮೊದಲು ಅಂತರ. 7.5 ಮೀಟರಿಗೊಂದು ಹಾಕಿದರೆ ಎಕರೆಗೆ ಹಿಡಿಯುವುದು 70 ಗಿಡ. ಮರ ದೊಡ್ಡದಾಗುವವರೆಗೆ ನಡುವಿನ ಜಾಗ ಸುಮ್ನೆ ಬಿದ್ದಿರುತ್ತದೆ. ನಾನು ಸಾಲಿನಿಂದ ಸಾಲಿಗೆ 5 ಮೀಟರ್, ಗಿಡದಿಂದ ಗಿಡಕ್ಕೆ 4 ಮೀಟರ್ ಅಂತರ ಇಟ್ಟೆ, ಎಕರೆಗೆ 200 ಗಿಡ ಬಂತು. ಗಿಡಕ್ಕೆ ಒಂದೇ ಕಿಲೋ ಬೀಜ ಬಂದರೂ ಎಕರೆಯ ಲೆಕ್ಕದಲ್ಲಿ ವ್ಯತ್ಯಾಸ ಎಷ್ಟು, ನೀವೇ ನೋಡಿ. ತಳಿ ಭಾಸ್ಕರ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರ 2006ರಲ್ಲಿ ಬಿಡುಗಡೆ ಮಾಡಿದ್ದು, ಬೀಜ ಏಳೂಕಾಲು ಗ್ರಾಂಗೂ ಜಾಸ್ತಿ ತೂಗುತ್ತದೆ.

ಮುರಕಲ್ಲಿನಲ್ಲಿ ಗುಂಡಿಯ ಖರ್ಚು ಉಳಿಸಲು ಹೋಗಬೇಡಿ. ನಾನು ಮೂರಡಿ ಆಳ ತೆಗೆಸಿ, ಮೇಲ್ಮಣ್ಣು, ಹಟ್ಟಿಗೊಬ್ಬರ ತುಂಬಿಸಿದೆ. ಮಳೆ ಹಿಡಿದ ಮೇಲೆ ನೆಟ್ಟೆ. ಕಸಿ ಗಂಟು, ಅಂದರೆ ಕಸಿ ಕೂಡಿಸಿದ ಜಾಗ, ನೆಲದಿಂದ ಎರಡು ಇಂಚಾದರೂ ಮೇಲಿರಬೇಕು. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು, ಇಲ್ಲದಿದ್ದರೆ ಕಾಂಡ ದಪ್ಪವಾದಾಗ ಅದೇ ಕುತ್ತಿಗೆ ಹಿಸುಕುತ್ತದೆ. ಗಾಳಿಗೆ ಗಂಟು ಮುರಿಯದಂತೆ ಕೋಲು ಕಟ್ಟಿದೆ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಿದೆ. ಅದು ಕಸಿಗೆ ಬುಡವಾಗಿರುವ ಕಾಟು ಗಿಡದ ಚಿಗುರು, ಬಿಟ್ಟರೆ ಕಸಿಯನ್ನೇ ನುಂಗಿಬಿಡುತ್ತದೆ.

ಇನ್ನು ಹೂವಿನ ವಿಷಯ. ಕಸಿ ಗಿಡ ಮೊದಲ ವರ್ಷವೇ ಹೂ ಬಿಡುತ್ತದೆ. ಮೊಣಕಾಲೆತ್ತರದ ಗಿಡದಲ್ಲಿ ಹೂಗೊಂಚಲು ನೋಡಲು ಬಹಳ ಚೆಂದ. ಎರಡು ವರ್ಷ ಅದನ್ನೆಲ್ಲ ನಾನು ಕಿತ್ತು ಹಾಕಿದೆ. ಪಕ್ಕದ ತೋಟದ ಅಣ್ಣ ನೋಡಿ, "ಎಂಥ ಮಾರಾಯ, ಬಂದ ಹೂವನ್ನೇ ಕೀಳ್ತೀಯಲ್ಲ!" ಎಂದು ಬೇಸರ ಮಾಡಿಕೊಂಡರು. ಆ ವಯಸ್ಸಿನಲ್ಲಿ ಸಿಗುವುದು ನಾಲ್ಕೈದು ಬೀಜ ಅಷ್ಟೇ. ಅದಕ್ಕೆ ಗಿಡ ಕೊಡುವ ಶಕ್ತಿ ಬೇರಿಗೆ, ರೆಂಬೆಗೆ ಹೋಗಬೇಕಾದದ್ದು. ಗೇರು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ರೆಂಬೆ ಹೆಚ್ಚಿದಷ್ಟೂ ಮೂರನೇ ವರ್ಷ ಗೊಂಚಲು ಹೆಚ್ಚು. ಹಾಗೆಯೇ ನೆಲದಿಂದ ಎರಡೂವರೆ ಅಡಿವರೆಗಿನ ಅಡ್ಡ ರೆಂಬೆಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದೆ. ಬುಡ ಕಾಣಬೇಕು. ಕಾಂಡ ಕೊರಕ ಹುಳು ಸೇರುವುದು ಅಲ್ಲೇ. ಬುಡದಲ್ಲಿ ಅಂಟು, ಮರದ ಹುಡಿ ಕಂಡರೆ ಆ ದಿನವೇ ತೊಗಟೆ ಕೆತ್ತಿ ಹುಳು ತೆಗೆಯಬೇಕು. ತಡವಾದರೆ ಇಡೀ ಗಿಡ ಹೋಗುತ್ತದೆ.

ಗೇರಿಗೆ ನೀರು ಬೇಡ ಅನ್ನುತ್ತಾರೆ. ದೊಡ್ಡ ಮರಕ್ಕೆ ಸರಿ, ಎಳೆ ಗಿಡಕ್ಕೆ ಅಲ್ಲ. ಮೊದಲ ಬೇಸಿಗೆಗಳಲ್ಲಿ ನೀರು ಕೊಟ್ಟೆ, ಬುಡಕ್ಕೆ ತರಗೆಲೆ ದಪ್ಪಗೆ ಹೊದಿಸಿದೆ. ಇಳಿಜಾರಿಗೆ ಅಡ್ಡವಾಗಿ ಚರಂಡಿ ತೋಡಿ ಸಾಲುಗಳ ನಡುವೆ ಅನಾನಸು ಹಾಕಿದ್ದು ಮಣ್ಣನ್ನೂ ಹಿಡಿಯಿತು, ಗೇರು ಬರುವ ಮೊದಲೇ ಸ್ವಲ್ಪ ದುಡ್ಡನ್ನೂ ತಂದಿತು. ಈ ಅನಾನಸು ಇಲ್ಲದಿದ್ದರೆ ಹೂ ಕೀಳುವ ಧೈರ್ಯ ಬರುವುದು ಕಷ್ಟ, ಅಲ್ವಾ?

ಮೂರನೇ ವರ್ಷ ಹೂ ಕೀಳದೆ ಬಿಟ್ಟೆ. ಆಗ ನಿಜವಾದ ಶತ್ರು ಟೀ ಸೊಳ್ಳೆ. ಹೆಸರು ಸೊಳ್ಳೆ ಆದರೂ ಇದು ತಿಗಣೆ ಜಾತಿಯ ಕೀಟ. ಎಳೆ ಚಿಗುರು, ಗೊಂಚಲು, ಮಿಡಿ ಎಲ್ಲದರ ರಸ ಹೀರುತ್ತದೆ, ಗೊಂಚಲು ಸುಟ್ಟ ಹಾಗೆ ಕಪ್ಪಾಗುತ್ತದೆ. ಚಿಗುರುವಾಗಲೇ ನೋಡಿಕೊಳ್ಳಬೇಕು, ಹೂವು ಕಪ್ಪಾದ ಮೇಲೆ ಔಷಧಿ ಹೊಡೆದು ಏನೂ ಪ್ರಯೋಜನವಿಲ್ಲ. ಎಲೆ ಜೋಡಿಸಿ ಮರದಲ್ಲಿ ಗೂಡು ಕಟ್ಟುವ ಚಗಳಿ ಇರುವೆ ಈ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ. ಬೀಜ ಕೊಯ್ಯುವಾಗ ಕಚ್ಚುತ್ತದೆ ಎಂದು ಗೂಡು ಸುಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಆ ವರ್ಷ ಸರಾಸರಿ ಗಿಡಕ್ಕೆ ಒಂದು ಕಿಲೋ ಹತ್ತಿರ ಬೀಜ ಸಿಕ್ಕಿತು. ಈಗ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ರೆಂಬೆ ಸವರುತ್ತೇನೆ. ಇಷ್ಟು ಹತ್ತಿರ ನೆಟ್ಟವರು ಸವರಲೇಬೇಕು. ರೆಂಬೆಗಳು ಒಂದಕ್ಕೊಂದು ತಾಗಿ ಬಿಸಿಲು ತಪ್ಪಿದ ಕಡೆ ಹೂ ಬರುವುದಿಲ್ಲ. ಹತ್ತು ವರ್ಷ ದಾಟಿದ ಮೇಲೂ ಒತ್ತಾದರೆ ಒಂದು ಬಿಟ್ಟು ಒಂದು ಮರ ಕಡಿಯಲು ಈಗಲೇ ಗುರುತು ಹಾಕಿಟ್ಟಿದ್ದೇನೆ.