ಭಾರದ ಫೋರ್ ಸ್ಟ್ರೋಕ್ ಸ್ನೋಮೊಬೈಲನ್ನು ಆಳ ಹಿಮಕ್ಕೆ ಇಳಿಸಿದ ನನ್ನ ಅನುಭವ

ಕಳೆದ ಆಟಿ (ಆಷಾಢ) ತಿಂಗಳಲ್ಲಿ ರಜೆಗೆಂದು ಕಾಸರಗೋಡಿನ ಪೆರ್ಲದ ಮನೆಗೆ ಬಂದಿದ್ದೆ. ಹೆಂಡತಿಯ ತಮ್ಮ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ಸ್ನೋಮೊಬೈಲಿನ ಚಿತ್ರ ತೋರಿಸಿ, "ಭಾವ, ಇದು ಫೋರ್ ಸ್ಟ್ರೋಕ್, ಒಬ್ಬರೇ ಓಡಿಸಿದ್ದಂತೆ, ಬೆಲೆಯೂ ಕಡಿಮೆ. ತೆಗೆದುಕೊಂಡು ಹಾಗೆಯೇ ಬೆಟ್ಟಕ್ಕೆ ಹೋಗಬಹುದಾ?" ಎಂದು ಕೇಳಿದ. ಅವನು ಓದಲೆಂದು ಕೆನಡಾದ ಕ್ಯಾಮ್ಲೂಪ್ಸಿಗೆ ಹೋಗಿ ಎರಡು ಚಳಿಗಾಲ ಕಳೆದವನು; ನಾನು ಬ್ರಿಟಿಷ್ ಕೊಲಂಬಿಯಾದ ಅದೇ ಭಾಗದಲ್ಲಿ ಹನ್ನೊಂದು ವರ್ಷಗಳಿಂದ ಲಾರಿ ಮತ್ತು ಮಣ್ಣು ತೋಡುವ ಯಂತ್ರಗಳ ಮೆಕ್ಯಾನಿಕ್ ಆಗಿ ಕೆಲಸ ಮಾಡುತ್ತಿರುವವನು. ಒಂದು ಕಾಲದಲ್ಲಿ ನಾನೂ ಇದೇ ಪ್ರಶ್ನೆ ಕೇಳಿ, ಸರಿಯಾದ ಉತ್ತರ ಸಿಗದೆ, ಗಾಡಿ ಕೊಂಡು ಕಷ್ಟಪಟ್ಟು ಕಲಿತಿದ್ದೇನೆ. ನಮ್ಮ ಕಡೆಯಿಂದ ಈಗ ಸಾಕಷ್ಟು ಹುಡುಗರು ಆ ದೇಶಕ್ಕೆ ಹೋಗುತ್ತಿರುವುದರಿಂದ ಇದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಹಾಗೆಯೇ ಹೋಗಬಾರದು ಎಂಬುದು ನನ್ನ ಉತ್ತರ. ಆದರೆ ಅದಕ್ಕೆ ಎಲ್ಲರೂ ಕೊಡುವ "ತೂಕ ಹೆಚ್ಚು" ಎಂಬ ಕಾರಣ ಅರ್ಧ ಮಾತ್ರ ಸರಿ.

ಸ್ನೋಮೊಬೈಲನ್ನು ನೋಡದವರಿಗಾಗಿ ಎರಡು ಮಾತು. ಮುಂದೆ ಎರಡು ಸ್ಕೀ, ಹಿಂದೆ ಉದ್ದನೆಯ ಒಂದು ರಬ್ಬರ್ ಟ್ರ್ಯಾಕ್, ಆ ಟ್ರ್ಯಾಕಿನ ಮೇಲೆ ಅಡ್ಡಡ್ಡ ಹಲ್ಲುಗಳು. ಆ ಹಲ್ಲುಗಳು ಹಿಮವನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ಒಯ್ಯುತ್ತವೆ. ಬೆಟ್ಟ ಹತ್ತುವವರು ಹೆಚ್ಚಾಗಿ ಓಡಿಸುವುದು ಟೂ ಸ್ಟ್ರೋಕ್ ಗಾಡಿಗಳನ್ನೇ, ಏಕೆಂದರೆ ಆ ಎಂಜಿನ್ನಿನಲ್ಲಿ ಫೋರ್ ಸ್ಟ್ರೋಕಿನಂತೆ ಸಿಲಿಂಡರ್ ತಲೆಯ ಕವಾಟಗಳಿಲ್ಲ, ಅವನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಇಲ್ಲ, ಪ್ರತಿ ಸುತ್ತಿಗೂ ಒಮ್ಮೆ ಉರಿಯುವುದರಿಂದ ಸಣ್ಣ ಗಾತ್ರದಲ್ಲೇ ಹೆಚ್ಚು ಶಕ್ತಿ ಸಿಗುತ್ತದೆ. ಯಮಹಾ ಕಂಪನಿಯು 2003ರ ಮಾದರಿಯಾಗಿ ಆರ್‌ಎಕ್ಸ್-1 ಎಂಬ ಗಾಡಿಯನ್ನು, ತನ್ನ ಆರ್1 ಬೈಕಿನ ಎಂಜಿನ್ನಿನಿಂದ ರೂಪಿಸಿದ 998 ಸಿಸಿ ಫೋರ್ ಸ್ಟ್ರೋಕಿನೊಂದಿಗೆ ತಂದ ಮೇಲೆ, ವೇಗದ ಗಾಡಿಗಳಲ್ಲೂ ಫೋರ್ ಸ್ಟ್ರೋಕ್ ನಡೆಯುತ್ತದೆ ಎಂದು ಜನ ಒಪ್ಪಿದರು. ಪೆಟ್ರೋಲ್ ಉಳಿತಾಯ, ಹೊಗೆಯ ವಾಸನೆಯಿಲ್ಲದಿರುವುದು, ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವುದು, ಮುಖ್ಯವಾಗಿ ದೀರ್ಘ ಬಾಳಿಕೆ ಇವು ಅದರ ಗುಣಗಳು. ಮೆಕ್ಯಾನಿಕ್ ಆದ ನನ್ನ ಮನಸ್ಸು ಅತ್ತ ವಾಲಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನು ಕೊಂಡದ್ದು ಮೂರು ಸಿಲಿಂಡರಿನ, ಟರ್ಬೋ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ, ಸುಮಾರು 130 ಅಶ್ವಶಕ್ತಿಯ ಹಳೆಯ ಗಾಡಿ. ಟ್ರ್ಯಾಕಿನ ಉದ್ದ 153 ಇಂಚು, ಹಲ್ಲಿನ ಎತ್ತರ ಎರಡೂಕಾಲು ಇಂಚು. ಎಣ್ಣೆ, ನೀರು, ಪೆಟ್ರೋಲ್ ಎಲ್ಲ ತುಂಬಿದರೆ 300 ಕಿಲೋದ ಹತ್ತಿರ ತೂಗುತ್ತಿತ್ತು. ಮಾರಿದವರು ಇದು ಬೆಟ್ಟದ ಮಾದರಿಯೇ, ಏನೂ ಮಾಡಬೇಕಾಗಿಲ್ಲ ಎಂದಿದ್ದರು. ಮೊದಲ ಬಾರಿಗೆ ಅದನ್ನು ರೆವೆಲ್‌ಸ್ಟೋಕಿನ ಬೋಲ್ಡರ್ ಪರ್ವತಕ್ಕೆ ಒಯ್ದೆ. ರೆವೆಲ್‌ಸ್ಟೋಕ್ ಪೇಟೆ ಇರುವುದು ಸುಮಾರು 480 ಮೀಟರ್ ಎತ್ತರದಲ್ಲಿ, ಗಾಡಿ ಓಡಿಸುವ ಬಯಲುಗಳಿರುವುದು 2,000 ಮೀಟರಿನ ಆಸುಪಾಸಿನಲ್ಲಿ. ಅಲ್ಲಿ ಬೀಳುವ ಹಿಮದ ಪ್ರಮಾಣವನ್ನು ನಮ್ಮವರಿಗೆ ಹೇಳಿದರೆ ನಂಬುವುದಿಲ್ಲ: ಹತ್ತಿರದ ಕೋಪ್‌ಲ್ಯಾಂಡ್ ಪರ್ವತದಲ್ಲಿ 1971-72ರ ಒಂದೇ ಚಳಿಗಾಲದಲ್ಲಿ 24 ಮೀಟರಿಗೂ ಹೆಚ್ಚು ಹಿಮ ಬಿದ್ದ ದಾಖಲೆಯಿದೆ. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕಾಸರಗೋಡಿನವರಿಗೂ ಅದು ಊಹೆಗೆ ನಿಲುಕುವ ಲೆಕ್ಕವಲ್ಲ.

ಯಂತ್ರದಿಂದ ಸಮಮಾಡಿದ ದಾರಿಯಲ್ಲಿ ಮೇಲಿನ ಗುಡಿಸಲಿನವರೆಗೆ ಗಾಡಿ ರೈಲಿನಂತೆ ಹೋಯಿತು. ದಾರಿ ಬಿಟ್ಟು ಹೊಸ ಹಿಮಕ್ಕೆ ಇಳಿದು ಮೂವತ್ತು ಮೀಟರ್ ಹೋಗುವಷ್ಟರಲ್ಲಿ ಮೂಗು ತಗ್ಗಿತು. ನಾನು ಗಾಬರಿಯಿಂದ ಥ್ರಾಟಲ್ ಒತ್ತಿದೆ, ಟ್ರ್ಯಾಕ್ ತನ್ನ ಕೆಳಗಿನ ಹಿಮವನ್ನೆಲ್ಲ ಹಿಂದಕ್ಕೆ ಎರಚಿ ತಾನೇ ತೋಡಿದ ಗುಂಡಿಯಲ್ಲಿ ಕುಳಿತಿತು. ಇಳಿದರೆ ಎದೆಯವರೆಗೆ ಹಿಮ. ಜೊತೆಗಿದ್ದ ಸಹೋದ್ಯೋಗಿಯ ಟೂ ಸ್ಟ್ರೋಕ್ ನಮ್ಮ ಪಕ್ಕದಲ್ಲೇ ತೇಲಿಕೊಂಡು ಹೋಗಿ ತಿರುಗಿ ಬಂತು. ಇಬ್ಬರೂ ಸಲಿಕೆ ಹಿಡಿದು, ಟ್ರ್ಯಾಕಿನ ಮುಂದಿನ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿಮಾಡಿ, ಸ್ಕೀ ಹಿಡಿದೆಳೆದು ಗಾಡಿಯನ್ನು ಹೊರತರಲು ಮುಕ್ಕಾಲು ಗಂಟೆ ಹಿಡಿಯಿತು. ಆ ದಿನ ಇದು ಐದು ಸಲ ನಡೆಯಿತು.

ಐದನೆಯ ಸಲ ಗಾಡಿಯನ್ನು ಇಳಿಜಾರಿಗೆ ಉರುಳಿಸಿ ತಿರುಗಿಸಲು ಹೋದಾಗ ಅದು ಪೂರ್ತಿ ತಲೆಕೆಳಗಾಯಿತು. ಎಂಜಿನ್ ನಿಲ್ಲಿಸುವ ಗುಂಡಿ ಒತ್ತಲು ನಾನು ಕೆಲವು ಸೆಕೆಂಡು ತಡಮಾಡಿದೆ. ಎತ್ತಿ ನಿಲ್ಲಿಸಿದ ಮೇಲೆ ಹಿಮದ ಮೇಲೆ ಜೇನಿನ ಬಣ್ಣದ ಹನಿಗಳು ಕಂಡವು, ಬಿಸಿ ಎಣ್ಣೆಯ ವಾಸನೆ ಬಂತು. ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿಯಾದ ಏರ್‌ಬಾಕ್ಸ್ ತೆರೆದರೆ ತಳದಲ್ಲಿ ಎಣ್ಣೆ ನಿಂತಿತ್ತು. ಚಿಂದಿಬಟ್ಟೆಯಿಂದ ಒರೆಸಿ, ಎಣ್ಣೆಯ ಮಟ್ಟ ನೋಡಿ, ಕಾದು ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಎದ್ದು ಬಹಳ ಹೊತ್ತಿನ ನಂತರ ತಿಳಿಯಾಯಿತು. ಫೋರ್ ಸ್ಟ್ರೋಕಿನಲ್ಲಿ ಸುತ್ತುತ್ತಿರುವ ಎಣ್ಣೆ ತಲೆಕೆಳಗಾದಾಗ ಹೀಗೆ ಬೇಡದ ಕಡೆಗೆ ಹರಿಯುತ್ತದೆ, ಟೂ ಸ್ಟ್ರೋಕಿನವರಿಗೆ ಈ ಚಿಂತೆ ಇಲ್ಲ. ಫೋರ್ ಸ್ಟ್ರೋಕ್ ಓಡಿಸುವವರು ಮಗುಚುತ್ತದೆ ಎಂದು ಅನಿಸಿದ ಕ್ಷಣದಲ್ಲೇ ಎಂಜಿನ್ ನಿಲ್ಲಿಸಬೇಕು. ಸವಾರ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಮೈಗೆ ಕಟ್ಟಿಕೊಳ್ಳುವ ಸುರಕ್ಷಾ ಹಗ್ಗವನ್ನು ನಾನು ಆ ದಿನದಿಂದ ಬಿಟ್ಟಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. 850 ಸಿಸಿಯ ಇಂದಿನ ಬೆಟ್ಟದ ಟೂ ಸ್ಟ್ರೋಕ್ ಗಾಡಿಗಳು ಎಣ್ಣೆ, ಪೆಟ್ರೋಲ್ ಇಲ್ಲದೆ 200 ಕಿಲೋದ ಸುತ್ತಮುತ್ತ ತೂಗುತ್ತವೆ, ಶಕ್ತಿ ಸುಮಾರು 165 ಅಶ್ವಶಕ್ತಿ. ನನ್ನದಕ್ಕೂ ಅದಕ್ಕೂ ಇರುವ ತೂಕದ ವ್ಯತ್ಯಾಸ ಹೆಚ್ಚುಕಡಿಮೆ ಒಂದು ಗೋಣಿ ಅಡಿಕೆಯಷ್ಟು. ಆ ಗೋಣಿ ಎಲ್ಲಿ ಕುಳಿತಿದೆ ಎಂಬುದು ಅದರ ತೂಕಕ್ಕಿಂತ ದೊಡ್ಡ ವಿಷಯ. ಸೈಕಲಿನ ಹಿಂದಿನ ಕ್ಯಾರಿಯರಿನಲ್ಲಿ ಗೋಣಿ ಇಟ್ಟು ತುಳಿದುಕೊಂಡು ಹೋಗಬಹುದು, ಅದನ್ನೇ ಹ್ಯಾಂಡಲಿಗೆ ನೇತುಹಾಕಿದರೆ ನಾಲ್ಕು ಮಾರು ಹೋಗಲಾಗದು. ಫೋರ್ ಸ್ಟ್ರೋಕಿನ ಸಿಲಿಂಡರ್ ತಲೆ, ಕ್ಯಾಮ್‌ಶಾಫ್ಟ್, ಎಣ್ಣೆಯ ಟ್ಯಾಂಕ್, ಇವೆಲ್ಲ ಸ್ಕೀಗಳ ಮೇಲೆಯೇ ಭಾರ ಹಾಕುತ್ತವೆ. ಇದರ ಮೇಲೆ ಎತ್ತರದ ಸಮಸ್ಯೆ ಬೇರೆ: ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಕೆಗೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. 2,000 ಮೀಟರಿನಲ್ಲಿ ನನ್ನ 130 ಅಶ್ವಶಕ್ತಿಯಲ್ಲಿ ಉಳಿಯುತ್ತಿದ್ದುದು 105ರಷ್ಟು. ಟೂ ಸ್ಟ್ರೋಕೂ ಅದೇ ಪ್ರಮಾಣದಲ್ಲಿ ಕಳೆದುಕೊಳ್ಳುತ್ತದೆ ನಿಜ, ಆದರೆ ಅದಕ್ಕೆ ಹೊರಬೇಕಾದ ಭಾರ ಕಡಿಮೆ.

ಆಗ ನನಗೆ ನೆನಪಾದದ್ದು ನಮ್ಮ ಬೈಲಿನ ಗದ್ದೆ. ಮಳೆಗಾಲದ ಏಣಿಲು ಬೇಸಾಯಕ್ಕೆ ಟಿಲ್ಲರನ್ನು ಕೆಸರಿಗೆ ಇಳಿಸುವ ಮೊದಲು ಅಪ್ಪ ಅಂಗಳದಲ್ಲೇ ರಬ್ಬರ್ ಚಕ್ರ ಬಿಚ್ಚಿ ಕಬ್ಬಿಣದ ಗಾಲಿ ಹಾಕುತ್ತಿದ್ದರು. ರಬ್ಬರ್ ಚಕ್ರದಲ್ಲೇ ಇಳಿಸಿದರೆ ಎಂಜಿನ್ ಎಷ್ಟು ಒಳ್ಳೆಯದಾಗಿದ್ದರೂ ಟಿಲ್ಲರ್ ಹೂತುಹೋಗುತ್ತದೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ನಾನು ಹಿಮಕ್ಕೆ ರಬ್ಬರ್ ಚಕ್ರದ ಟಿಲ್ಲರ್ ಇಳಿಸಿದ್ದೆ.

ಬದಲಾವಣೆಗಳಲ್ಲಿ ನಾನು ಮೊದಲು ಕೈಹಾಕಿದ್ದು ಕ್ಲಚ್ಚಿಗೆ, ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗ. ಸ್ನೋಮೊಬೈಲಿನ ಕ್ಲಚ್ಚು ನಮ್ಮ ಗೇರಿಲ್ಲದ ಸ್ಕೂಟರಿನ ವೇರಿಯೇಟರಿನ ಅಣ್ಣನೇ: ಎರಡು ಪುಲ್ಲಿಗಳ ನಡುವೆ ಒಂದು ಬೆಲ್ಟು, ಮುಂದಿನ ಪುಲ್ಲಿಯೊಳಗೆ ಸುತ್ತು ಹೆಚ್ಚಿದಂತೆ ಹೊರಕ್ಕೆ ಚಿಮ್ಮುವ ವೇಟುಗಳು. ಫ್ಯೂಯಲ್ ಇಂಜೆಕ್ಷನ್ ಇರುವುದರಿಂದ ಎತ್ತರಕ್ಕೆ ತಕ್ಕಂತೆ ಪೆಟ್ರೋಲಿನ ಪ್ರಮಾಣವನ್ನು ಎಂಜಿನ್ ತಾನೇ ಸರಿಮಾಡಿಕೊಳ್ಳುತ್ತದೆ, ಕ್ಲಚ್ಚಿಗೆ ಮಾತ್ರ ಆ ಬುದ್ಧಿ ಇಲ್ಲ. ಮೇಲೆ ಎಂಜಿನ್ ಸೊರಗಿದರೂ ವೇಟುಗಳು ಸಮುದ್ರಮಟ್ಟದಲ್ಲಿ ಒತ್ತಿದಷ್ಟೇ ಒತ್ತುತ್ತವೆ. ಹಾಗಾಗಿ ನನ್ನ ಗಾಡಿ ಪೂರ್ಣ ಶಕ್ತಿ ಕೊಡುವ ಸುತ್ತಿಗಿಂತ ಸುಮಾರು 500 ಸುತ್ತು ಕೆಳಗೇ ನಿಂತುಬಿಡುತ್ತಿತ್ತು. ಹಗುರವಾದ ವೇಟು ಹಾಕಿ, ಬೆಟ್ಟದಲ್ಲೇ ಎರಡು ಸಲ ಬಿಚ್ಚಿ ಗ್ರಾಮಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮಾಡಿದ ಮೇಲೆ ಸುತ್ತು ಸರಿಯಾದ ಜಾಗಕ್ಕೆ ಬಂತು. ಅಷ್ಟರಲ್ಲೇ ಗಾಡಿಯ ಸ್ವಭಾವ ಬದಲಾಯಿತು.

ಟ್ರ್ಯಾಕ್ ದೊಡ್ಡ ಖರ್ಚು, ದೊಡ್ಡ ಲಾಭವೂ ಅದರಿಂದಲೇ. 162 ಇಂಚು ಉದ್ದದ, ಎರಡೂವರೆ ಇಂಚು ಹಲ್ಲಿನ ಟ್ರ್ಯಾಕ್ ಹಾಕಿ, ಅದಕ್ಕೆ ತಕ್ಕಂತೆ ಟ್ರ್ಯಾಕ್ ಜಾರುವ ಒಳಗಿನ ಹಳಿಗಳನ್ನು ಉದ್ದಮಾಡಿಸಿದೆ. ಎತ್ತರದ ಹಲ್ಲು ಮುಂದಿನ ಕೂಲರಿಗೆ ಉಜ್ಜದಂತೆ ಟ್ರ್ಯಾಕನ್ನು ತಿರುಗಿಸುವ ಹಲ್ಲುಗಾಲಿಗಳನ್ನು (ಡ್ರೈವರ್) ಒಂದು ಹಲ್ಲು ಕಡಿಮೆಯಿರುವವಕ್ಕೆ ಬದಲಿಸಬೇಕಾಯಿತು. ಇದರಿಂದ ಗೇರಿನ ಅನುಪಾತವೂ ತಾನಾಗಿ ಇಳಿದು, ಸೊರಗಿದ ಎಂಜಿನ್ನಿಗೆ ಉಪಕಾರವಾಯಿತು. ಮುಂದೆ ಅಗಲವಾದ ಸ್ಕೀ ಹಾಕಿದೆ, ಎರಡು ಸ್ಕೀಗಳ ನಡುವಿನ ಅಂತರವನ್ನು ಕಿರಿದುಗೊಳಿಸಿದೆ, ಮುಂದಿನ ಸ್ಪ್ರಿಂಗುಗಳನ್ನು ಬಿಗಿಯಾದವಕ್ಕೆ ಬದಲಿಸಿದೆ.

ಲಿಮಿಟರ್ ಪಟ್ಟಿಯ ವಿಷಯದಲ್ಲಿ ನಾನು ತಪ್ಪಿದೆ. ಟ್ರ್ಯಾಕಿನ ಹಳಿಯ ಮುಂಭಾಗವನ್ನು ಹಿಡಿದಿರುವ ಈ ಪಟ್ಟಿಯನ್ನು ಸಡಿಲಿಸಿದರೆ ಸ್ಕೀಗಳ ಮೇಲಿನ ಭಾರ ಇಳಿಯುತ್ತದೆ ಎಂದು ಓದಿ, ಒಮ್ಮೆಲೇ ಪೂರ್ತಿ ಸಡಿಲಿಸಿದೆ. ಮೂಗು ಎದ್ದದ್ದೇನೋ ಹೌದು, ಆದರೆ ಏರು ಬಂದೊಡನೆ ಗಾಡಿ ಹಿಂಗಾಲಲ್ಲಿ ನಿಂತು ಬಾಲದಿಂದ ಗುಂಡಿ ತೋಡತೊಡಗಿತು. ಮರಳಿ ಬಿಗಿದು, ಮೂಲ ಸ್ಥಾನದಿಂದ ಒಂದೇ ತೂತು ಸಡಿಲ ಇಟ್ಟು, ನಡುವಿನ ಶಾಕಿನ ಸ್ಪ್ರಿಂಗಿಗೆ ಸ್ವಲ್ಪ ಒತ್ತಡ ಕೊಟ್ಟಾಗ ಹದ ಸಿಕ್ಕಿತು.

ತೂಕ ಇಳಿಸುವುದರ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಅನೇಕರು ಮೊದಲು ಮಾಡುವುದು ಸೈಲೆನ್ಸರ್ ಬದಲಾವಣೆ. ನನ್ನ ಗಾಡಿಯಲ್ಲಿ ಭಾರದ ಸೈಲೆನ್ಸರ್ ಇದ್ದದ್ದು ಸೀಟಿನ ಕೆಳಗೆ, ಹಿಂಭಾಗದಲ್ಲಿ. ಅದನ್ನು ತೆಗೆದು ಹಗುರವಾದುದನ್ನು ಹಾಕಿದಾಗ ತಕ್ಕಡಿಯಲ್ಲಿ ಕಿಲೋಗಳು ಇಳಿದವು, ಹಿಮದಲ್ಲಿ ಮಾತ್ರ ಮೂಗು ಮೊದಲಿಗಿಂತ ಭಾರವೆನಿಸಿತು. ಸದ್ದೂ ಅತಿಯಾಗಿ, ಇನ್ನೊಬ್ಬರ ನೆಮ್ಮದಿ ಕೆಡಿಸುವುದು ಸರಿಯಲ್ಲವೆಂದು ಹಳೆಯದನ್ನೇ ಮರಳಿ ಹಾಕಿದೆ. ಮುಂಭಾಗದಲ್ಲಿದ್ದ ಬ್ಯಾಟರಿಯನ್ನು ಲಿಥಿಯಂಗೆ ಬದಲಿಸಿದ್ದು ಮಾತ್ರ ನಿಜವಾಗಿ ಪ್ರಯೋಜನವಾಯಿತು. ಕೊರೆವ ಚಳಿಯಲ್ಲಿ ಅದು ಮೊದಲು ಮೊಂಡಾಗುತ್ತದೆ. ಒಂದು ನಿಮಿಷ ದೀಪ ಉರಿಸಿ ಬೆಚ್ಚಗಾಗಲು ಬಿಟ್ಟರೆ ಎಂಜಿನ್ನನ್ನು ತಿರುಗಿಸುತ್ತದೆ.

ಎಲ್ಲ ಸೇರಿ ಗಾಡಿಯ ಬೆಲೆಯ ಮೂರನೇ ಒಂದು ಪಾಲು ಖರ್ಚಾಯಿತು. ಮರುವರ್ಷ ಅದೇ ಬಯಲಿನಲ್ಲಿ ಇಡೀ ದಿನ ಓಡಿಸಿ ಒಂದೇ ಸಲ ಹೂತೆ. ತೆರೆದ ಇಳಿಜಾರುಗಳಲ್ಲಿ, ಉದ್ದನೆಯ ಏರುಗಳಲ್ಲಿ ಅದರ ಸಮನಾದ ಎಳೆತ ನನಗೆ ತುಂಬ ಇಷ್ಟವಾಯಿತು. ಆದರೆ ಮರಗಳ ನಡುವೆ ಹೋಗುವುದನ್ನು ನಾನು ಬಿಟ್ಟುಬಿಟ್ಟೆ. ಇಳಿಜಾರಿನಲ್ಲಿ ಅಡ್ಡಲಾಗಿ ಸಾಗಬೇಕಾದರೆ ಸವಾರ ಮೇಲಿನ ಬದಿಯ ಹಲಗೆಯ ಮೇಲೆ ನಿಂತು, ಹ್ಯಾಂಡಲನ್ನು ಕೆಳಬದಿಗೆ ತಿರುಗಿಸಿ, ಗಾಡಿಯನ್ನು ತನ್ನತ್ತ ವಾಲಿಸಿ ಹಿಡಿಯಬೇಕು. 300 ಕಿಲೋವನ್ನು ಹಾಗೆ ಹಿಡಿದರೆ ಮಧ್ಯಾಹ್ನಕ್ಕೆ ತೋಳು ಸೋಲುತ್ತದೆ, ಸೋತ ತೋಳಿನಿಂದ ಮರ ತಪ್ಪಿಸಲಾಗದು. ಇದಕ್ಕೆ ಯಾವ ಬಿಡಿಭಾಗವೂ ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರವಾದುದು. 2010ರ ಮಾರ್ಚ್ 13ರಂದು ಇದೇ ಬೋಲ್ಡರ್ ಪರ್ವತದಲ್ಲಿ ಹಿಮಕುಸಿತವಾಗಿ, ಸ್ನೋಮೊಬೈಲ್ ಕೂಟಕ್ಕೆ ಸೇರಿದ್ದವರಲ್ಲಿ ಇಬ್ಬರು ಸತ್ತು ಸುಮಾರು 30 ಮಂದಿ ಗಾಯಗೊಂಡರು. ಇಳಿಜಾರಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು ಎಂಬುದು ಅಲ್ಲಿ ಕಲಿಸುವ ಮೊದಲ ಪಾಠ. ಭಾರದ ಗಾಡಿ ಹೂತರೆ ಒಬ್ಬನಿಂದ ಏಳುವುದಿಲ್ಲ, ಸಹಾಯಕ್ಕೆ ಇನ್ನೊಬ್ಬ ಬರುತ್ತಾನೆ, ಆಗ ಸಡಿಲ ಹಿಮದ ಕೆಳಗೆ ಇಬ್ಬರು ಮುಕ್ಕಾಲು ಗಂಟೆ ನಿಂತಂತಾಗುತ್ತದೆ. ಹಿಮದಡಿ ಸಿಕ್ಕಿದವರು ಬದುಕುವ ಸಾಧ್ಯತೆ ಮೊದಲ ಹತ್ತು ನಿಮಿಷಗಳ ಬಳಿಕ ವೇಗವಾಗಿ ಕುಸಿಯುತ್ತದೆ. ಹಿಮದಡಿ ಸಿಕ್ಕಿದವರನ್ನು ಪತ್ತೆಹಚ್ಚುವ ರೇಡಿಯೊ ಸಾಧನವಾದ ಟ್ರಾನ್ಸೀವರ್, ಶೋಧ ಕೋಲು, ಸಲಿಕೆ ಇವು ಮೈಮೇಲೆ ಇಲ್ಲದೆ, ಅವಲಾಂಚ್ ಕೆನಡಾ ಸಂಸ್ಥೆಯು ಕೊಡುವ ಆ ದಿನದ ಹಿಮಕುಸಿತದ ಸೂಚನೆ ಓದದೆ ನಾನು ಗಾಡಿ ಇಳಿಸುವುದಿಲ್ಲ. ಗಾಡಿ ಹೂತರೆ ಎಲ್ಲಿ ಹೂತುಹೋಗುತ್ತದೆ ಎಂದು ನೋಡಿಕೊಂಡೇ ಏರು ಆರಿಸುತ್ತೇನೆ.

ಟರ್ಬೋ ಇರುವ ಫೋರ್ ಸ್ಟ್ರೋಕುಗಳ ಮಾತು ಸ್ವಲ್ಪ ಬೇರೆ. 2017ರ ಮಾದರಿಯಾಗಿ ಬಂದ ಯಮಹಾದ ಸೈಡ್‌ವೈಂಡರಿನ 998 ಸಿಸಿ ಟರ್ಬೋ ಎಂಜಿನ್ನಿನಂಥವು ತೆಳು ಗಾಳಿಯ ಕೊರತೆಯನ್ನು ಟರ್ಬೋದಿಂದ ತುಂಬಿಕೊಳ್ಳುವುದರಿಂದ ಎತ್ತರದಲ್ಲಿ ಸೊರಗುವುದಿಲ್ಲ. ಒಬ್ಬ ಗೆಳೆಯನ ಅಂಥ ಗಾಡಿಯನ್ನು ಓಡಿಸಿದ್ದೇನೆ, ತೆರೆದ ಏರಿನಲ್ಲಿ ಅದರ ಬಲ ಅದ್ಭುತ. ಆದರೂ ಥ್ರಾಟಲ್ ಬಿಟ್ಟ ಕ್ಷಣ ಮೂಗು ಮುಳುಗುತ್ತದೆ, ಹೂತ ಮೇಲೆ ಎತ್ತುವಾಗ ಅಶ್ವಶಕ್ತಿ ಸಹಾಯಕ್ಕೆ ಬರುವುದಿಲ್ಲ. ಯಮಹಾ ತನ್ನ ಸ್ನೋಮೊಬೈಲ್ ವ್ಯವಹಾರವನ್ನು 2025ರ ಮಾದರಿಗಳೊಂದಿಗೆ ಮುಗಿಸುವುದಾಗಿ 2023ರಲ್ಲೇ ಪ್ರಕಟಿಸಿದ್ದರಿಂದ, ಹಳೆಯ ಫೋರ್ ಸ್ಟ್ರೋಕ್ ಕೊಳ್ಳುವವರು ಮುಂದೆ ಬಿಡಿಭಾಗ ಎಲ್ಲಿಂದ ತರುತ್ತೇವೆ ಎಂದೂ ಯೋಚಿಸಬೇಕು.

ಜಗಲಿಯಲ್ಲಿ ಇಷ್ಟನ್ನೂ ಹೇಳಿ, "ಮಾರುವವರಿಗೆ ಟ್ರ್ಯಾಕಿನ ಉದ್ದ ಎಷ್ಟು, ಹಲ್ಲು ಎಷ್ಟು ಎತ್ತರ ಎಂದು ಬರೆದು ಕೇಳು" ಎಂದೆ. ಅಲ್ಲಿ ಆಗ ನಡುರಾತ್ರಿ. ಉತ್ತರ ಬಂದದ್ದು ಮರುದಿನ ಸಂಜೆ, ನಾವು ತೋಟದ ಕಣಿಯ ಕಸ ತೆಗೆದು ಕೈಕಾಲು ತೊಳೆಯುತ್ತಿದ್ದಾಗ: 144 ಇಂಚು, ಹಲ್ಲು ಒಂದೂವರೆ ಇಂಚು. ಅದು ದಾರಿಯಲ್ಲಿ ಓಡಿಸುವ ಗಾಡಿ, ಬೆಟ್ಟಕ್ಕೆ ಬೇಡ ಎಂದೆ. ಅವನು ಮಾರುವವರಿಗೆ ಹಾಗೆಯೇ ಬರೆದು ಕಳುಹಿಸಿದ.